ಏರು ಹತ್ತುವಾಗ ಸುಯ್ಯೆನ್ನುವ ಡೀಸೆಲ್ ಪಿಕಪ್: ಟರ್ಬೊ ಬದಲಿಸಬೇಕೆ, ಗಾಳಿ ಸೋರಿಕೆ ಹುಡುಕಬೇಕೆ?

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವನ್ನೇ ಬದಲಿಸಬೇಕೆಂದು ನಿಮ್ಮ ಮೆಕ್ಯಾನಿಕ್ ಹೇಳಿದ್ದಾರೆ, ಅದಕ್ಕೆ ಈಗಲೇ ಒಪ್ಪಬೇಡಿ. ಏರು ಹತ್ತುವಾಗ ಬಾನೆಟ್ ಒಳಗಿನಿಂದ ಸುಯ್ಯೆನ್ನುವ ಸದ್ದು, ಹಿಂದೆ ಕಪ್ಪು ಹೊಗೆ, ಭಾರ ಹೇರಿದರೆ ಎಳೆತವೇ ಇಲ್ಲ, ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0299, ನಿಂತಲ್ಲಿ ಐಡಲ್‌ನಲ್ಲಿ ಮಾತ್ರ ಎಲ್ಲವೂ ಸರಿ ಎಂದು ಬರೆದಿದ್ದೀರಿ. ಇಷ್ಟೂ ಒಟ್ಟಿಗೆ ಕಾಣಿಸಿಕೊಂಡಾಗ ನಾನು ಮೊದಲು ಸಂಶಯಪಡುವುದು ಟರ್ಬೊ ಮತ್ತು ಎಂಜಿನ್ ನಡುವಿನ ಗಾಳಿಯ ಹಾದಿಯನ್ನು. ಟರ್ಬೊ ಒತ್ತಿ ಕಳಿಸಿದ ಗಾಳಿ ಸಿಲಿಂಡರ್ ತಲುಪುವ ಮೊದಲೇ ಎಲ್ಲೋ ಹೊರಗೆ ಹೋಗುತ್ತಿದೆ. ಪಿ0299 ಎಂಬ ಕೋಡ್ ಹೇಳುವುದು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಬೇಕಾದಷ್ಟು ಬರುತ್ತಿಲ್ಲ ಎಂದಷ್ಟೇ, ಟರ್ಬೊ ಕೆಟ್ಟಿದೆ ಎಂದಲ್ಲ. ಐಡಲ್‌ನಲ್ಲಿ ಟರ್ಬೊ ಹೆಚ್ಚುಕಡಿಮೆ ಒತ್ತಡವನ್ನೇ ಹುಟ್ಟಿಸುವುದಿಲ್ಲವಾದ್ದರಿಂದ ಆಗ ಸೋರಿಕೆಯ ಸುಳಿವೂ ಸಿಗುವುದಿಲ್ಲ. ಕಾಲು ಒತ್ತಿ ಭಾರ ಎಳೆಸಿದಾಗ 15ರಿಂದ 30 ಪಿಎಸ್‌ಐವರೆಗಿನ ಒತ್ತಡ ಆ ಹಾದಿಯ ಹೋಸ್‌ಗಳ ಮೇಲೆ ಬೀಳುತ್ತದೆ. ಬಿರುಕು ಬಾಯಿ ಬಿಡುವುದು ಆಗಲೇ.

ಇನ್ನೊಂದು ವಿಷಯ. ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಟರ್ಬೊ ಕೂರಿಸಿದರೆ ಅದೂ ಬೇಗ ಸವೆಯುತ್ತದೆ. ಕಳೆದುಹೋದ ಒತ್ತಡವನ್ನು ತುಂಬಿಕೊಡಲು ಎಂಜಿನ್ನಿನ ಕಂಪ್ಯೂಟರ್ ಟರ್ಬೊವನ್ನು ಮತ್ತಷ್ಟು ವೇಗವಾಗಿ ತಿರುಗಿಸಲು ನೋಡುತ್ತದೆ, ಸೈಲೆನ್ಸರ್ ಕಡೆಯ ಬಿಸಿಯೂ ಏರುತ್ತದೆ. ಟರ್ಬೊ ಕೆಡುವುದಕ್ಕೆ ಇದೂ ಒಂದು ಕಾರಣ. ಕಾರಣವನ್ನು ಬಿಟ್ಟು ಪರಿಣಾಮವನ್ನು ಬದಲಿಸಿದರೆ ಪ್ರಯೋಜನವಿಲ್ಲ.

ಎಂಜಿನ್ ಓಡುತ್ತಿರುವಾಗ ಹೋಸ್‌ಗಳ ಸುತ್ತ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೋಡಿ ಎಂದು ನಿಮ್ಮ ಸ್ನೇಹಿತರು ಹೇಳಿದ್ದಾರಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ನಿರ್ವಾತ ಇರುತ್ತದೆ, ಸಿಂಪಡಿಸಿದ್ದನ್ನು ಅದು ಹೀರಿಕೊಳ್ಳುತ್ತದೆ, ಐಡಲ್ ಏರುಪೇರಾಗುತ್ತದೆ. ಆ ಉಪಾಯ ಅಲ್ಲಿಗೆ ಸರಿ. ಡೀಸೆಲ್‌ನಲ್ಲಿ ಟರ್ಬೊ ನಂತರದ ಸೋರಿಕೆ ಗಾಳಿಯನ್ನು ಹೊರಗೆ ತಳ್ಳುತ್ತದೆಯೇ ಹೊರತು ಒಳಗೆ ಎಳೆಯುವುದಿಲ್ಲ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ಟರ್ಬೊಗೆ ಮೊದಲಿನ ಭಾಗದಲ್ಲಿ ಸೋರಿಕೆಯಿದ್ದರೆ ಇನ್ನೂ ಅಪಾಯ: ಒಳಹೋದ ದ್ರಾವಣವನ್ನು ಎಂಜಿನ್ ಇಂಧನವಾಗಿಯೇ ಉರಿಸುತ್ತದೆ, ಕಂಪ್ಯೂಟರ್‌ನ ಹಿಡಿತ ಮೀರಿ ವೇಗ ಏರುತ್ತದೆ, ಕೀ ತಿರುಗಿಸಿದರೂ ಕೂಡಲೇ ನಿಲ್ಲದಿರಬಹುದು. ಚಳಿಯಲ್ಲಿ ಎಂಜಿನ್ ಹತ್ತಿಸಲು ಬಳಸುವ ಈಥರ್ ಸ್ಪ್ರೇ ಅಂತೂ ಸಿಲಿಂಡರ್ ಕಾಯಿಸುವ ಗ್ಲೋ ಪ್ಲಗ್ ಅಥವಾ ಒಳಬರುವ ಗಾಳಿ ಕಾಯಿಸುವ ಜಾಲರಿ ಇರುವ ಎಂಜಿನ್ನಿನ ಹತ್ತಿರವೂ ಬರಬಾರದು.

ನೀವು ಮಾಡಬೇಕಾದದ್ದು ಆಫ್ ಮಾಡಿ ತಣ್ಣಗಾದ ಎಂಜಿನ್ನಿಗೆ ಹೊರಗಿನಿಂದ ಗಾಳಿ ತುಂಬಿ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಂತೆ ಗುಳ್ಳೆ ನೋಡುವುದು. ಅದಕ್ಕೂ ಮೊದಲು ಬ್ಯಾಟರಿ ಟಾರ್ಚ್ ಹಿಡಿದು ಇಡೀ ಹಾದಿಯನ್ನು ಒಮ್ಮೆ ಕಣ್ಣಿನಿಂದ ಸವರಿಕೊಂಡು ಬನ್ನಿ. ಏರ್ ಫಿಲ್ಟರ್ ಪೆಟ್ಟಿಗೆ, ಅಲ್ಲಿಂದ ಟರ್ಬೊ ಬಾಯಿಯವರೆಗಿನ ಪೈಪ್, ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಬಿಸಿ ಪೈಪ್, ಇಂಟರ್‌ಕೂಲರ್, ಅಲ್ಲಿಂದ ಮ್ಯಾನಿಫೋಲ್ಡ್‌ಗೆ ಬರುವ ತಣ್ಣನೆಯ ಪೈಪ್. ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆಯ ಆವಿ ಈ ಹಾದಿಯಲ್ಲೇ ಸಾಗುವುದರಿಂದ ಒಳಗೆ ತೆಳುವಾದ ಎಣ್ಣೆ ಪಸೆ ಇರುವುದು ಸಹಜ. ಗಾಳಿ ಸೋರುವಲ್ಲಿ ಆ ಪಸೆಯೂ ಹೊರಗೆ ಚಿಮ್ಮುತ್ತದೆ, ಅದರ ಮೇಲೆ ದೂಳು ಕೂತು ಕಪ್ಪಗೆ ಅಂಟಂಟಾಗುತ್ತದೆ. ಸುತ್ತಲೆಲ್ಲ ಒಣಗಿದ ದೂಳಿದ್ದು ಒಂದೇ ಜಾಯಿಂಟ್‌ನ ಬುಡದಲ್ಲಿ ಹೀಗೆ ಒದ್ದೆ ಮಣ್ಣು ಮೆತ್ತಿಕೊಂಡಿದ್ದರೆ ಅಲ್ಲಿಂದಲೇ ಶುರು ಮಾಡಿ.

ಹೋಸ್‌ನ ಅಡಿಭಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಮೇಲಿನಿಂದ ಹೊಸದರಂತೆ ಕಾಣುತ್ತಿದ್ದ ಹೋಸ್ ಒಂದನ್ನು ನಾನು ಕಳಚಿದಾಗ ಅದರ ಅಡಿಯಲ್ಲಿ, ಕ್ಲ್ಯಾಂಪ್‌ನ ಅಂಚಿಗೆ ಸರಿಯಾಗಿ, ಉಗುರಿನ ಗುರುತಿನಂಥ ಅರ್ಧಚಂದ್ರಾಕಾರದ ಸೀಳು ಇತ್ತು. ಕೈಯಲ್ಲಿ ಹಿಡಿದಾಗ ಅದರ ಎರಡೂ ತುಟಿಗಳು ಕೂಡಿಕೊಂಡು ಏನೂ ಕಾಣುತ್ತಿರಲಿಲ್ಲ. ಹೋಸನ್ನು ಬಗ್ಗಿಸಿದಾಗ ಒಳಗಿನ ನೂಲಿನ ಪದರ ಕಂಡಿತು. ಬೂಸ್ಟ್ ಬಂದಾಗ ಹೋಸ್ ಉಬ್ಬುತ್ತದೆ, ಎಂಜಿನ್ ತನ್ನ ಮೌಂಟ್‌ಗಳ ಮೇಲೆ ವಾಲುತ್ತದೆ, ಸೀಳು ತೆರೆಯುತ್ತದೆ. ಇಂಥದ್ದು ಕಣ್ಣೊಂದಕ್ಕೇ ಸಿಕ್ಕಿಬೀಳುವುದು ಅಪರೂಪ.

ಈಗ ಒತ್ತಡದ ಪರೀಕ್ಷೆ. ಬ್ಯಾಟರಿ ತಂತಿ ಕಳಚಿಡಿ, ಮಧ್ಯೆ ಯಾರೂ ಎಂಜಿನ್ ತಿರುಗಿಸುವಂತಾಗಬಾರದು. ಟರ್ಬೊದ ಒಳಬಾಯಿಗೆ ಬರುವ ಪೈಪ್ ಕಳಚಿ, ಆ ಬಾಯಿಯ ಅಳತೆಗೆ ಸರಿಹೊಂದುವ, ಗಾಳಿಯ ವಾಲ್ವ್ ಇರುವ ಮುಚ್ಚಳವನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಕ್ರ್ಯಾಂಕ್‌ಕೇಸ್‌ನ ಆವಿ ಹೊರಬಿಡುವ ಉಸಿರುಕೊಳವೆ ನೀವು ಮುಚ್ಚಿರುವ ಭಾಗಕ್ಕೆ ಬಂದು ಸೇರುತ್ತಿದ್ದರೆ ಅದನ್ನು ಕಳಚಿ ಆ ತೂತನ್ನು ಮುಚ್ಚಲೇಬೇಕು. ಇಲ್ಲವಾದರೆ ಗಾಳಿ ನೇರವಾಗಿ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಎಣ್ಣೆಯ ಸೀಲ್‌ಗಳನ್ನು ಹೊರದಬ್ಬಬಹುದು. ಹೇಗಿದ್ದರೂ ಎಣ್ಣೆ ಹಾಕುವ ಮುಚ್ಚಳವನ್ನು ತೆರೆದಿಡಿ. ಗಾಳಿ ತುಂಬುವ ಕಂಪ್ರೆಸರ್‌ಗೆ ಒತ್ತಡ ಮಿತಿಯಲ್ಲಿಡುವ ರೆಗ್ಯುಲೇಟರ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮೊದಲು 5 ಪಿಎಸ್‌ಐ ಕೊಟ್ಟು ಕಿವಿಗೊಡಿ, ಆಮೇಲೆ ನಿಧಾನವಾಗಿ 15ರವರೆಗೆ ಹೋಗಿ. ಹೆಚ್ಚಿನ ಸೋರಿಕೆಗಳು ಅಷ್ಟರಲ್ಲೇ ಸಿಗುತ್ತವೆ. ಒತ್ತಡ ಇರುವಷ್ಟು ಹೊತ್ತೂ ಟರ್ಬೊ ಬಾಯಿಯ ಮುಚ್ಚಳದ ಎದುರಿಗೆ ಮುಖ ಒಡ್ಡಬೇಡಿ, ಪಕ್ಕಕ್ಕೇ ನಿಲ್ಲಿ. ಕ್ಲ್ಯಾಂಪ್ ಜಾರಿದರೆ ಅದು ಹಾರಿ ಬಂದು ಬಡಿಯುತ್ತದೆ. ಒತ್ತಡ ಪೂರ್ತಿ ಇಳಿಯುವವರೆಗೆ ಯಾವ ಕ್ಲ್ಯಾಂಪನ್ನೂ ಮುಟ್ಟಬೇಡಿ.

ಒತ್ತಡ ನಿಲ್ಲದೆ ಇಳಿಯುತ್ತಲೇ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಯಾವುದೋ ಒಂದು ಸಿಲಿಂಡರಿನ ಎರಡೂ ವಾಲ್ವ್‌ಗಳು ತುಸು ತೆರೆದಿರಬಹುದು, ಆಗ ಗಾಳಿ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಪಿಸ್ಟನ್ ರಿಂಗ್‌ಗಳ ಸಂದಿನಿಂದ ನುಸುಳಿದ ಸ್ವಲ್ಪ ಗಾಳಿ ಎಣ್ಣೆಯ ಬಾಯಲ್ಲಿ ಕೇಳಿಸುತ್ತದೆ. ಇವು ಸೋರಿಕೆಯಲ್ಲ. ಸೈಲೆನ್ಸರ್ ಕಡೆ ಸದ್ದು ಜೋರಾಗಿದ್ದರೆ ಗಾಳಿ ಇಳಿಸಿ, ಕ್ರ್ಯಾಂಕ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ತಿರುಗುವ ದಿಕ್ಕಿನಲ್ಲೇ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಆಮೇಲೂ ಅಲ್ಲಿ ಅಷ್ಟೇ ರಭಸವಿದ್ದರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲವೇನೋ ಎಂದು ಪರಿಶೀಲಿಸಬೇಕು.

ಸೋಪಿನ ನೀರನ್ನು ಧಾರಾಳವಾಗಿ ಸಿಂಪಡಿಸಿ. ಪ್ರತಿ ಕ್ಲ್ಯಾಂಪ್‌ನ ಎರಡೂ ಅಂಚು, ಬೂಸ್ಟ್ ಸೆನ್ಸರ್ ಕೂರುವ ತೂತಿನ ರಬ್ಬರ್ ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಟರ್‌ಕೂಲರ್‌ನ ಅಲ್ಯೂಮಿನಿಯಂ ಮೈಗೆ ಪ್ಲಾಸ್ಟಿಕ್ ತೊಟ್ಟಿಯನ್ನು ಮಡಿಚಿ ಕೂರಿಸಿದ ಅಂಚು, ಯಾವುದನ್ನೂ ಬಿಡಬೇಡಿ. ಕಮಿನ್ಸ್ 5.9 ಮತ್ತು 6.7 ಲೀಟರ್ ಎಂಜಿನ್‌ಗಳಲ್ಲಿ ಮ್ಯಾನಿಫೋಲ್ಡ್‌ನ ಬಾಯಲ್ಲಿ ಗಾಳಿ ಕಾಯಿಸುವ ಜಾಲರಿ ಇರುತ್ತದೆ, ಅದರ ಮೇಲೂ ಕೆಳಗೂ ಗ್ಯಾಸ್ಕೆಟ್ ಇದೆ. ಅಲ್ಲಿಗೂ ನೀರು ತಲುಪಿಸಿ. ದೊಡ್ಡ ಸೋರಿಕೆ ಸೋಪಿನ ನೀರನ್ನು ಊದಿ ಎರಚಿಬಿಡುತ್ತದೆ, ಗುಳ್ಳೆ ನಿಲ್ಲುವುದಿಲ್ಲ. ಅದು ಕೈಗೂ ತಿಳಿಯುತ್ತದೆ, ಕಿವಿಗೂ ಕೇಳಿಸುತ್ತದೆ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ. ದೊಡ್ಡದನ್ನು ಮುಚ್ಚಿದ ಮೇಲೆ ಒತ್ತಡ ಏರಿ ಚಿಕ್ಕವು ಕಾಣಿಸಿಕೊಳ್ಳುವುದು ಮಾಮೂಲು.

ರಿಪೇರಿಯಲ್ಲಿ ಮುಖ್ಯವಾದದ್ದು ಸ್ವಚ್ಛತೆ. ಎಣ್ಣೆ ಪಸೆಯಿರುವ ಪೈಪಿನ ಮೇಲೆ ಹೊಸ ಹೋಸ್ ಹಾಕಿ ಎಷ್ಟೇ ಬಿಗಿದರೂ ಮೊದಲ ಏರಿನಲ್ಲೇ ಅದು ಕಳಚಿಕೊಳ್ಳಬಹುದು. ಪೈಪಿನ ಹೊರಮೈ ಮತ್ತು ಹೋಸಿನ ಒಳಮೈ ಎರಡನ್ನೂ ಎಣ್ಣೆಯ ಗುರುತೇ ಇಲ್ಲದಂತೆ ಒರೆಸಿ. ಪೈಪಿಗೆ ಬ್ರೇಕ್ ಕ್ಲೀನರ್ ಆಗುತ್ತದೆ, ಪೂರ್ತಿ ಆರಲು ಬಿಡಿ. ಜಾರಲಿ ಎಂದು ಗ್ರೀಸ್ ಹಚ್ಚಲೇಬೇಡಿ. ಪೈಪಿನ ತುದಿಯಲ್ಲಿ ಉಬ್ಬಿದ ಏಣು ಇರುತ್ತದೆ, ಹೋಸ್ ಅದನ್ನು ದಾಟಿ ಕೂರಬೇಕು, ಕ್ಲ್ಯಾಂಪ್ ಏಣಿನ ಹಿಂದೆ ಬರಬೇಕು. ಏಣಿನ ಮೇಲೇ ಕ್ಲ್ಯಾಂಪ್ ಬಿಗಿದಿರುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಹೋಸ್ ಸೀಳುವುದು ಅಲ್ಲಿಯೇ. ಪಟ್ಟಿಯ ತುಂಬ ಸೀಳುಗಂಡಿಗಳಿರುವ ಮಾಮೂಲಿ ಸ್ಕ್ರೂ ಕ್ಲ್ಯಾಂಪ್ ಸಿಲಿಕೋನ್ ಹೋಸನ್ನು ಕೊರೆಯುತ್ತದೆ. ಟಿ ಬೋಲ್ಟ್ ಕ್ಲ್ಯಾಂಪ್ ಹಾಕಿ. ಸ್ಪ್ರಿಂಗ್ ಇರುವುದಾದರೆ ಇನ್ನೂ ಒಳ್ಳೆಯದು, ಕಾದು ತಣ್ಣಗಾಗುವಾಗ ಹೋಸ್ ಹಿಗ್ಗಿ ಕುಗ್ಗಿದರೂ ಅದರ ಹಿಡಿತ ಸಡಿಲವಾಗುವುದಿಲ್ಲ. ಬಿಗಿತ ಎಷ್ಟಿರಬೇಕೆಂದು ವಾಹನದ ಕೈಪಿಡಿ ಹೇಳುತ್ತದೆ, ಅದಕ್ಕಿಂತ ಹೆಚ್ಚು ಬಿಗಿಯಬೇಡಿ.

ಬಿರುಕಿಗೆ ಸಿಲಿಕೋನ್ ಪೇಸ್ಟ್ ಮೆತ್ತುವ ಯೋಚನೆ ಬೇಡ. ಅದು ಬೂಸ್ಟ್ ತಡೆಯುವುದಿಲ್ಲ, ಸಾಲದ್ದಕ್ಕೆ ಒಳಬದಿಯಲ್ಲಿ ಕಳಚಿದ ಚೂರು ಗಾಳಿಯ ಜೊತೆ ಎಂಜಿನ್ ಸೇರುತ್ತದೆ. ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ತೊಟ್ಟಿ ಬಿರಿದಿದ್ದರೆ ಅಂಟು ಹಾಕುವುದೂ ವ್ಯರ್ಥ, ಬದಲಿಸಿ. ಇಂಟರ್‌ಕೂಲರ್ ಕಳಚಿದಾಗ ಅದನ್ನು ಬಗ್ಗಿಸಿ ನೋಡಿ. ಪಸೆ ಇದ್ದರೆ ಸರಿ. ಎಣ್ಣೆ ಸುರಿದು ಬಂದರೆ ಟರ್ಬೊ ಸೀಲ್ ಅಥವಾ ಉಸಿರುಕೊಳವೆಯ ತೊಂದರೆ ಬೇರೆಯೇ ಇದೆ, ಆ ಎಣ್ಣೆಯನ್ನು ತೆಗೆಯದೆ ಎಂಜಿನ್ ಹತ್ತಿಸಬೇಡಿ. ಅದನ್ನೂ ಎಂಜಿನ್ ಇಂಧನವಾಗಿ ಉರಿಸಬಲ್ಲದು.

ನೀವು ಕೇಳದ, ಆದರೆ ನನಗೆ ಇದಕ್ಕಿಂತ ಹೆಚ್ಚು ಚಿಂತೆಯ ವಿಷಯವೊಂದಿದೆ. ಟರ್ಬೊಗೆ ಮೊದಲಿನ ಪೈಪ್ ಈ ಪರೀಕ್ಷೆಯಲ್ಲಿ ಹೊರಗೇ ಉಳಿಯುತ್ತದೆ. ಅಲ್ಲಿ ಸೋರಿಕೆಯಾದರೆ ಸಾಮಾನ್ಯವಾಗಿ ಸದ್ದಿಲ್ಲ, ಹೊಗೆಯಿಲ್ಲ, ಎಳೆತವೂ ಕಡಿಮೆಯಾಗುವುದಿಲ್ಲ. ಫಿಲ್ಟರ್ ದಾಟದ ದೂಳು ನೇರವಾಗಿ ಒಳಗೆ ಹೋಗಿ ಟರ್ಬೊ ಚಕ್ರದ ಅಂಚುಗಳನ್ನೂ ಪಿಸ್ಟನ್ ರಿಂಗ್‌ಗಳನ್ನೂ ಸವೆಸುತ್ತಾ ಹೋಗುತ್ತದೆ. ಪೈಪ್ ಹೇಗೂ ಕಳಚಿರುತ್ತೀರಿ, ಫಿಲ್ಟರ್ ನಂತರದ ಅದರ ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ದೂಳು ಹತ್ತಬಾರದು. ಹತ್ತಿದರೆ ಪೈಪಿನ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಫಿಲ್ಟರಿನ ರಬ್ಬರ್ ಅಂಚು ಪೆಟ್ಟಿಗೆಯಲ್ಲಿ ಸುತ್ತಲೂ ಸರಿಯಾಗಿ ಕೂತಿದೆಯೇ ಗಮನಿಸಿ. ಚಕ್ರದ ರೆಕ್ಕೆಗಳ ತುದಿ ಚೂಪಾಗಿ ಹೊಳೆಯುತ್ತಿದೆಯೇ, ಮೊಂಡಾಗಿದೆಯೇ ಎಂಬುದೂ ಆ ಹೊತ್ತಿಗೆ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ರಸ್ತೆಗೆ ಇಳಿಯುವ ಮೊದಲು ಮತ್ತೊಮ್ಮೆ ಗಾಳಿ ತುಂಬಿ ನೋಡಿ. ಉಸಿರುಕೊಳವೆಯನ್ನು ಮರೆಯದೆ ಅದರ ಜಾಗಕ್ಕೆ ಸೇರಿಸಿ, ಎಣ್ಣೆಯ ಮುಚ್ಚಳ ಹಾಕಿ, ಕೋಡ್ ಅಳಿಸಿ. ಭಾರ ಹೇರಿ ಏರು ಹತ್ತಿಸುವಾಗ ಪಕ್ಕದಲ್ಲಿ ಕೂತವರು ಸ್ಕ್ಯಾನರ್‌ನಲ್ಲಿ ಕಂಪ್ಯೂಟರ್ ಕೇಳಿದ ಬೂಸ್ಟ್ ಮತ್ತು ನಿಜವಾಗಿ ಸಿಕ್ಕ ಬೂಸ್ಟ್ ಎರಡನ್ನೂ ನೋಡುತ್ತಿರಲಿ. ಎರಡೂ ಜೊತೆಜೊತೆಗೆ ಏರಬೇಕು. ಎಂಜಿನ್ ಕಾದು ತಣ್ಣಗಾದ ಮೇಲೆ ಕ್ಲ್ಯಾಂಪ್‌ಗಳ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಿ.

ಗಾಳಿ ಎಲ್ಲಿಯೂ ಸೋರುತ್ತಿಲ್ಲ, ಆದರೂ ಬೂಸ್ಟ್ ಬರುತ್ತಿಲ್ಲ ಎಂದಾದರೆ ಟರ್ಬೊದ ಬೂಸ್ಟ್ ನಿಯಂತ್ರಿಸುವ ಆಕ್ಚುಯೇಟರ್‌ಗೆ ಹೋಗುವ ಸಣ್ಣ ನಿರ್ವಾತ ಕೊಳವೆಗಳು, ಮಸಿ ಕಟ್ಟಿದ ಬೂಸ್ಟ್ ಸೆನ್ಸರ್, ಟರ್ಬೊಗೆ ಮೊದಲು ಎಕ್ಸಾಸ್ಟ್ ಜಾಯಿಂಟ್‌ಗಳಲ್ಲಿ ಕಪ್ಪು ಮಸಿಯ ಗುರುತು, ಇವನ್ನು ಇದೇ ಕ್ರಮದಲ್ಲಿ ನೋಡಿ. ಅವೂ ಸರಿಯಿದ್ದರೆ ಆಗ ಟರ್ಬೊ ಶಾಫ್ಟ್ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಅತಿ ಸ್ವಲ್ಪ ಆಟ ಇರುವುದು ಸಹಜ. ಚಕ್ರ ಗೋಡೆಗೆ ತಾಗುವಷ್ಟು ಆಡಿದರೆ, ಅಥವಾ ಹಿಂದೆ ಮುಂದೆ ಜಗ್ಗಿದಾಗ ಕೈಗೆ ಗೊತ್ತಾಗುವಷ್ಟು ಸರಿದರೆ, ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಟರ್ಬೊ ಬದಲಿಸಿ.