ಮಣ್ಣಿನ ಗೋಡೆಗೆ ಸಿಮೆಂಟ್ ಯಾಕೆ?

"ಹೋದ ಸಂಚಿಕೆಯಲ್ಲಿ ಮಣ್ಣಿನ ಬ್ಲಾಕ್ ಮನೆಗಳ ಫೋಟೋ ನೋಡಿದೆ, ಚೆನ್ನಾಗಿವೆ. ಆದರೆ ಅದರಲ್ಲೂ ಸಿಮೆಂಟ್ ಇದೆಯಂತೆ. ಹಾಗಾದರೆ ಪರಿಸರ ಅನ್ನೋದೆಲ್ಲ ಬರೀ ಷೋಕಿ ಅಲ್ವಾ? ಎರಡು ಮಳೆಗಾಲಕ್ಕೆ ಕರಗಿ ಹೋಗುತ್ತದೆ ಅಂತ ನಮ್ಮ ಮೇಸ್ತ್ರಿ ಬೇರೆ ಹೆದರಿಸಿದ್ದಾರೆ."
- ಓದುಗರೊಬ್ಬರು, ತುಮಕೂರು

ಮೇಡಂ, ನಮಸ್ಕಾರ.

ಮೊದಲಿಗೆ ತಪ್ಪು ನಮ್ಮದೇ. ಫೋಟೋ ಪುಟದ ತುಂಬ ಹಾಕಿ, ಆ ಗೋಡೆ ನಿಂತಿರೋದು ಹೇಗೆ ಅನ್ನೋದನ್ನು ಎರಡು ಸಾಲಲ್ಲಿ ಮುಗಿಸಿಬಿಟ್ಟೆವು.

ಸಿಮೆಂಟ್ ಇದೆ, ಹೌದು. ನೂರು ಕೆಜಿ ಮಣ್ಣಿಗೆ ಸಾಮಾನ್ಯವಾಗಿ 6ರಿಂದ 8 ಕೆಜಿ. ಒಣಗಿದ ಮಣ್ಣು ತಾನಾಗೇ ಗಟ್ಟಿ, ಅದರಲ್ಲಿರೋ ಜೇಡಿ ಉಳಿದದ್ದನ್ನೆಲ್ಲ ಹಿಡಿದಿಟ್ಟಿರುತ್ತದೆ. ಆದರೆ ನೀರು ತಾಗಿದ ಕೂಡಲೇ ಆ ಹಿಡಿತ ಸಡಿಲ. ಅದಕ್ಕೇ ಇಟ್ಟಿಗೆಯನ್ನು ಗೂಡಿನಲ್ಲಿ ಸುಡೋದು. ಸುಟ್ಟ ಮೇಲೆ ಅದು ಮತ್ತೆ ಕೆಸರಾಗಲ್ಲ. ಮಣ್ಣಿನ ಬ್ಲಾಕಿನಲ್ಲಿ ಆ ಬೆಂಕಿಯ ಕೆಲಸವನ್ನು ಒಂದಿಷ್ಟು ಸಿಮೆಂಟ್ ಮತ್ತು ಯಂತ್ರದ ಒತ್ತಡ ಸೇರಿ ಮಾಡುತ್ತವೆ, ಅಷ್ಟೇ.

ಇದನ್ನು ನಮ್ಮಲ್ಲಿ ಕೂತು ಲೆಕ್ಕ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡೋಣ ಅಂತ 1974ರಲ್ಲಿ ಅಮೂಲ್ಯ ರೆಡ್ಡಿಯವರು ಅಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದರು. ಅದೇ ಬಳಗದ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಕೊಟ್ಟ ಲೆಕ್ಕ ನೋಡಿ: ಒಂದು ಸುಟ್ಟ ಇಟ್ಟಿಗೆಗೆ ಖರ್ಚಾಗೋ ಶಕ್ತಿ ಸುಮಾರು 4.25 ಮೆಗಾಜೂಲ್. 6% ಸಿಮೆಂಟ್ ಹಾಕಿದ ಮಣ್ಣಿನ ಬ್ಲಾಕಿಗೆ 2.6. ಜೊತೆಗೆ ಆ ಬ್ಲಾಕ್ ಗಾತ್ರದಲ್ಲಿ ಇಟ್ಟಿಗೆಯ ಎರಡೂವರೆಪಟ್ಟು. ಹಾಗಾಗಿ ಷೋಕಿ ಅನ್ನಬೇಡಿ. ಆದರೆ ಭಯಕ್ಕೆ ಬಿದ್ದು "ಇನ್ನೊಂದು ಚೀಲ ಹಾಕಪ್ಪಾ" ಅಂತ ಸಿಮೆಂಟ್ ಏರಿಸುತ್ತಾ ಹೋದರೆ, ಅಥವಾ ಒಳ್ಳೆ ಮಣ್ಣು ಅಂತ ಎಲ್ಲಿಂದಲೋ ಲಾರಿಗಟ್ಟಲೆ ತರಿಸಿದರೆ, ನೀವು ಹೇಳಿದ್ದೇ ನಿಜವಾಗುತ್ತದೆ.

ಈಗ ಮೇಸ್ತ್ರಿ ಮಾತಿಗೆ ಬರ್ತೀನಿ. ಅವರು ಸುಮ್ನೆ ಹೇಳಿರಲಿಕ್ಕಿಲ್ಲ, ಕರಗಿದ ಗೋಡೆ ನೋಡೇ ಇರ್ತಾರೆ. ನಾನೂ ನೋಡಿದ್ದೀನಿ, ನನ್ನದೇ ಹಿತ್ತಲಲ್ಲಿ! ಕಾಂಪೌಂಡ್ ಗೋಡೆಗೆ ಅಂತ ಬ್ಲಾಕ್ ಒತ್ತಿಸಿದ್ದೆ. ಮೂರು ನಾಲ್ಕು ವಾರ ಗೋಣಿಚೀಲ ಹೊದಿಸಿ ನೀರು ಹಾಕುತ್ತಿರಬೇಕು ಅಂದಿದ್ದರು. ಹಬ್ಬ ಬಂತು, ಊರಿಗೆ ಹೋದೆವು, ಚೀಲ ಒಣಗಿ ಹೋಯಿತು. ನೀರಿಲ್ಲದಿದ್ದರೆ ಸಿಮೆಂಟ್ ಗಟ್ಟಿಯಾಗೋ ಕೆಲಸ ಅರ್ಧಕ್ಕೇ ನಿಲ್ಲುತ್ತದಲ್ಲ, ಹಾಗೇ ಆಯಿತು. ಮರುವರ್ಷ ಉಗುರಲ್ಲಿ ಕೆರೆದರೆ ಬ್ಲಾಕ್ ಬಿಸ್ಕತ್ತಿನ ಹಾಗೆ ಪುಡಿ ಉದುರುತ್ತಿತ್ತು. ಎರಡು ಬ್ಲಾಕ್ ತಾಗಿಸಿದರೆ ಟಣ್ ಅನ್ನಬೇಕು, ನನ್ನದು ಡಬ್ ಅಂತಿತ್ತು.

ಇನ್ನೊಂದು ವಿಷಯ ಕೇಳಿ. ಆ ಗೋಡೆಯೂ ಪೂರ್ತಿ ಹಾಳಾಗಿರಲಿಲ್ಲ. ಹೋಗಿದ್ದು ಬುಡದ ಎರಡು ವರಸೆ, ಮಳೆನೀರು ನೆಲಕ್ಕೆ ಬಿದ್ದು ಸಿಡಿಯೋ ಕಡೆ. ಮತ್ತೆ ತಲೆ, ಯಾಕಂದ್ರೆ ಮೇಲೆ ಕಲ್ಲು ಹಾಸಿರಲಿಲ್ಲ. ನಡುವಿನದು ಈಗಲೂ ನಿಂತಿದೆ. ಹಳೇ ಮಲೆನಾಡಿನ ಮನೆಗಳಲ್ಲಿ ಮಾಡು ಗೋಡೆಗಿಂತ ಅಷ್ಟು ಮುಂದೆ ಚಾಚಿ, ಸೂರಿನ ನೀರು ದೂರ ಬೀಳೋದು ಚಂದಕ್ಕಲ್ಲ. ಕೆಳಗೆ ಕಲ್ಲಿನ ಪಾಯ ಎತ್ತರಿಸೋದೂ ಅಷ್ಟೇ. ಈಗ ಡಿಸೈನ್ ಮಾಡೋರಿಗೆ ಮಣ್ಣಿನ ಬಣ್ಣ ಬೇಕು, ಪೆಟ್ಟಿಗೆಯಂಥ ಮನೆಯೂ ಬೇಕು, ಹೊರಚಾಚು ಮಾತ್ರ ಬೇಡ. ನಾವು ಹಾಕಿದ ಮೂರನೇ ಫೋಟೋದ ಮನೆಯೂ ಅದೇ ಜಾತಿ. ಅದನ್ನು ಹಾಕಬಾರದಿತ್ತು ಅಂತ ಈಗ ಅನ್ನಿಸ್ತಿದೆ.

ನಿಮ್ಮ ಸೈಟಿನ ಮಣ್ಣು ಆಗುತ್ತಾ ಅಂತಲೂ ಒಂದು ಸಾಲು ಬರೆದಿದ್ದಿರಿ. ಎರೆಮಣ್ಣಾದರೆ ಬೇಡವೇ ಬೇಡ, ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವ ಮಣ್ಣದು. ಕೆಮ್ಮಣ್ಣಾದರೆ ಒಂದಡಿ ಮೇಲ್ಮಣ್ಣು, ಬೇರು ಎಲ್ಲ ತೆಗೆದು, ಕೆಳಗಿನದನ್ನು ಗಾಜಿನ ಬಾಟಲಿಗೆ ಕಾಲುಭಾಗ ಹಾಕಿ. ನೀರು ತುಂಬಿಸಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲೇ ಕೂರುತ್ತದೆ, ಜೇಡಿ ಕೂರೋಕೆ ಒಂದು ದಿನವೂ ಬೇಕಾಗಬಹುದು. ಅರ್ಧಕ್ಕಿಂತ ಜಾಸ್ತಿ ಮರಳಿದ್ದು, ಮೇಲೆ ತೆಳ್ಳಗೆ ಜೇಡಿ ಇದ್ದರೆ ಒಳ್ಳೇದು. ಜೇಡಿ ಜಾಸ್ತಿ ಕಂಡರೆ ಮರಳೋ ಕ್ವಾರಿ ಪುಡಿಯೋ ಬೆರೆಸಬೇಕು. ಇದು ಅಂದಾಜಿಗೆ ಮಾತ್ರ. ಕೆಲಸ ಶುರು ಮಾಡೋ ಮೊದಲು ಹತ್ತು ಬ್ಲಾಕ್ ಒತ್ತಿಸಿ ಲ್ಯಾಬಿಗೆ ಕೊಡಿ, ನೀರಲ್ಲಿ ನೆನೆಸಿ ಪರೀಕ್ಷೆ ಮಾಡಿ ಅಂತಲೇ ಹೇಳಿ. ಒಣ ಬ್ಲಾಕ್ ಎಷ್ಟು ಭಾರ ತಡೆಯಿತು ಅನ್ನೋ ಅಂಕಿ ನೋಡಿ ಖುಷಿಪಡಬೇಡಿ.

ಬಾಟಲಿ ಇಡುವಾಗ ಮೇಸ್ತ್ರಿಯವರನ್ನೂ ಕರೆಯಿರಿ. ಅವರು ನೋಡಿದ ಕರಗಿದ ಗೋಡೆಗೆ ಸೂರು ಎಷ್ಟಿತ್ತು ಅಂತ ಕೇಳಿ, ನನಗೂ ಬರೆಯಿರಿ.

- ಸಂ.