ಎಣ್ಣೆ ಪ್ಯಾಕೆಟ್‌ನಲ್ಲಿ ಕುಲಾಂತರಿ ಇದೆಯಾ?

ಕುಲಾಂತರಿ ಆಹಾರದ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ವಾರ ಆಹಾರ ವಿಜ್ಞಾನ ತಜ್ಞರ ಉತ್ತರ ಇಲ್ಲಿದೆ.

ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಮೆಕ್ಕೆಜೋಳ, ಬೀಜವಿಲ್ಲದ ಕಲ್ಲಂಗಡಿ, ತೈವಾನ್ ಪಪ್ಪಾಯಿ, ಹೈಬ್ರಿಡ್ ಟೊಮೆಟೊ ಎಲ್ಲವೂ ಕುಲಾಂತರಿ, ಮಕ್ಕಳಿಗೆ ಕೊಡಬೇಡಿ ಅಂತ. ಹಣ್ಣಿನ ಸ್ಟಿಕ್ಕರ್ ನಂಬರ್ 8ರಿಂದ ಶುರುವಾದರೆ ಅದೂ ಕುಲಾಂತರಿ ಅಂತೆ. ನಿಜವಾ?
– ಗೃಹಿಣಿ, ದಾವಣಗೆರೆ

ನಮ್ಮಲ್ಲಿ ಬೆಳೆದು ಮಾರುವ ಮಟ್ಟಿಗೆ ಆ ಪಟ್ಟಿಯಲ್ಲಿ ಒಂದೂ ಕುಲಾಂತರಿ ಅಲ್ಲ. ಹೈಬ್ರಿಡ್ ಬೇರೆ, ಕುಲಾಂತರಿ ಬೇರೆ. ಒಂದೇ ಜಾತಿಯ ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೂಡಿಸಿದರೆ ಹೈಬ್ರಿಡ್. ಬೇರೊಂದು ಜೀವಿಯ ಜೀನನ್ನು ಪ್ರಯೋಗಾಲಯದಲ್ಲಿ ಗಿಡದೊಳಗೆ ಸೇರಿಸಿದರೆ ಕುಲಾಂತರಿ. ದಾವಣಗೆರೆ ಎಪಿಎಂಸಿಗೆ ಬಂದು ಬೀಳುವ ರಾಶಿ ರಾಶಿ ಮೆಕ್ಕೆಜೋಳ ಹೈಬ್ರಿಡ್. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿಕೊಂಡ ಫಾಲ್ ಆರ್ಮಿವರ್ಮ್ ಹುಳು ನಮ್ಮ ಮೆಕ್ಕೆಜೋಳದ ಸುಳಿಯನ್ನು ಹೇಗೆ ತಿಂದು ಹಾಕಿತು ಅಂತ ರೈತರನ್ನು ಕೇಳಿ. ಹುಳು ತಡೆಯುವ ಕುಲಾಂತರಿ ಮೆಕ್ಕೆಜೋಳಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ.

ಬೀಜವಿಲ್ಲದ ಕಲ್ಲಂಗಡಿ ಕೂಡ ತಳಿ ಕೂಡಿಸುವ ಕೆಲಸವೇ. ವರ್ಣತಂತುಗಳ ಸಂಖ್ಯೆ ಬೇರೆ ಬೇರೆ ಇರುವ ಎರಡು ಗಿಡ ಕೂಡಿಸಿದರೆ ಹುಟ್ಟುವ ಗಿಡಕ್ಕೆ ಬೀಜ ಕಟ್ಟುವುದಿಲ್ಲ. ಪಪ್ಪಾಯಿ ವಿಷಯದಲ್ಲಿ ಗೊಂದಲ ಆಗಲು ಕಾರಣ ಇದೆ. ವೈರಸ್ ರೋಗ ತಡೆಯುವ ಕುಲಾಂತರಿ ಪಪ್ಪಾಯಿಯನ್ನು ಅಮೆರಿಕದ ಹವಾಯಿಯಲ್ಲಿ 1998ರಿಂದ ಬೆಳೆಯುತ್ತಿದ್ದಾರೆ. ನಮ್ಮ ತೋಟದ ರೆಡ್ ಲೇಡಿ ಅದಲ್ಲ, ಅದು ತೈವಾನ್‌ನ ಹೈಬ್ರಿಡ್. ಇನ್ನು ಸ್ಟಿಕ್ಕರ್: 8ರಿಂದ ಶುರುವಾಗುವ ನಂಬರನ್ನು ಕುಲಾಂತರಿ ಹಣ್ಣಿಗೆ ಅಂತ ಒಂದು ಕಾಲದಲ್ಲಿ ಮೀಸಲಿಟ್ಟಿದ್ದು ಹೌದು, ಆದರೆ ಅಂಗಡಿಗಳಲ್ಲಿ ಅದು ಬಳಕೆಗೆ ಬರಲೇ ಇಲ್ಲ.

ಪಟ್ಟಿ ಬರೆದವರು ಹಣ್ಣಿನ ಗಾಡಿ ತಡಕಾಡಿದ್ದಾರೆ, ಕಿರಾಣಿ ಅಂಗಡಿಯನ್ನು ಮರೆತಿದ್ದಾರೆ. ಕುಲಾಂತರಿ ನಮ್ಮ ಅಡುಗೆಮನೆಗೆ ಬರುವ ದಾರಿ ಎಣ್ಣೆ. ನಾವು ವರ್ಷಕ್ಕೆ ಲಕ್ಷಾಂತರ ಟನ್ ಸೋಯಾ ಎಣ್ಣೆ ಆಮದು ಮಾಡುತ್ತೇವೆ. ಹೆಚ್ಚಿನದು ಅರ್ಜೆಂಟೀನಾ, ಬ್ರೆಜಿಲ್‌ನದು, ಅಲ್ಲಿ ಬೆಳೆಯುವ ಸೋಯಾ ಬಹುಪಾಲು ಕುಲಾಂತರಿ. ಕೆನಡಾದ ಕ್ಯಾನೋಲಾ ಎಣ್ಣೆಯೂ ಹಾಗೆಯೇ. ಹತ್ತಿಕಾಳಿನ ಎಣ್ಣೆ ನಮ್ಮದೇ ಬಿಟಿ ಹತ್ತಿಯದು, ಅಂದರೆ ಹುಳು ತಡೆಯುವ ಕುಲಾಂತರಿ ಹತ್ತಿಯದು. ಗುಜರಾತಿನಲ್ಲಿ ಅದು ಮನೆಮನೆಯ ಎಣ್ಣೆ, ಇಲ್ಲಿ ಕರಿದ ಪ್ಯಾಕೆಟ್ ತಿಂಡಿಗಳಲ್ಲಿ ಸಿಗಬಹುದು. ಶೇಂಗಾ, ಸೂರ್ಯಕಾಂತಿ, ತೌಡು, ತೆಂಗು, ತಾಳೆ ಎಣ್ಣೆಗಳ ಮಟ್ಟಿಗೆ ಈ ಚಿಂತೆ ಬೇಡ. ಅಂದಮಾತ್ರಕ್ಕೆ ಸೋಯಾ ಎಣ್ಣೆ ವಿಷ ಅಂತ ನಾನು ಹೇಳುತ್ತಿಲ್ಲ. ಸೇರಿಸಿದ ಜೀನ್ ಮಾಡುವ ಕೆಲಸ ಪ್ರೋಟೀನ್ ತಯಾರಿಸುವುದು. ಎಣ್ಣೆಯನ್ನು ಚೆನ್ನಾಗಿ ಶುದ್ಧ ಮಾಡಿದ ಮೇಲೆ ಪ್ರೋಟೀನಾಗಲಿ ಡಿಎನ್‌ಎ ಆಗಲಿ ಅದರಲ್ಲಿ ಉಳಿಯುವುದು ತೀರಾ ಅತ್ಯಲ್ಪ.

ಹಸುಗಳಿಗೆ ಹತ್ತಿಕಾಳು ಹಿಂಡಿ ಹಾಕುತ್ತೇವೆ. ಈಗ ಹತ್ತಿ ಎಲ್ಲ ಬಿಟಿ. ಹಾಲಿಗೂ ಬಿಟಿ ಬರುತ್ತದಾ?
– ರೈತ, ಹೊಳಲ್ಕೆರೆ ತಾಲ್ಲೂಕು

ಬರುವುದಿಲ್ಲ. ಬಿಟಿ ಪ್ರೋಟೀನ್ ಕೂಡ ಒಂದು ಪ್ರೋಟೀನೇ, ಹಸುವಿನ ಹೊಟ್ಟೆಯಲ್ಲಿ ಉಳಿದವುಗಳ ಜೊತೆ ಜೀರ್ಣವಾಗುತ್ತದೆ. ಮೇವಿನ ಡಿಎನ್‌ಎಯ ಚೂರುಗಳು ಹಾಲಿನಲ್ಲಿ ಒಮ್ಮೊಮ್ಮೆ ಸಿಗುತ್ತವೆ. ಜವಾರಿ ಮೇವು ತಿಂದರೂ ಅಷ್ಟೇ.

ಹಿಂಡಿ ವಿಷಯದಲ್ಲಿ ನೀವು ನಿಜಕ್ಕೂ ನೋಡಬೇಕಾದ್ದು ಬೂಷ್ಟು. ಮಳೆಗಾಲದಲ್ಲಿ ತೇವ ತಗುಲಿದ ಹಿಂಡಿ, ಶೇಂಗಾ, ಮೆಕ್ಕೆಜೋಳದಲ್ಲಿ ಒಂದು ಜಾತಿಯ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಇದು ಯಕೃತ್ತಿನ ಕ್ಯಾನ್ಸರ್ ತರುತ್ತದೆ ಅನ್ನುವುದರಲ್ಲಿ ವಿಜ್ಞಾನಿಗಳಲ್ಲಿ ಎರಡು ಮಾತಿಲ್ಲ. ಇದು ಹಸುವಿನ ಮೂಲಕ ಹಾಲಿಗೂ ಬರುತ್ತದೆ. ಒಂದು ಕಿಲೋ ಹಾಲಿನಲ್ಲಿ 0.5 ಮೈಕ್ರೊಗ್ರಾಂಗಿಂತ ಜಾಸ್ತಿ ಇರಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಇದೆ. ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲೆ ಇಡಿ. ಬೂಷ್ಟು ಬಂದದ್ದನ್ನು ದುಡ್ಡು ಹೋಯಿತಲ್ಲ ಅಂತ ಮೇವಿಗೆ ಬೆರೆಸಬೇಡಿ. ಎಳೆಗರುಗಳಿಗೆ ಹತ್ತಿ ಹಿಂಡಿ ಬೇಡ, ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶ ಹುಟ್ಟಿನಿಂದಲೇ ಇರುತ್ತದೆ. ಬಿಟಿ ಬರುವ ಮುಂಚೆಯೂ ಇತ್ತು.

ಕುಲಾಂತರಿ ಆಹಾರ ಸುರಕ್ಷಿತ ಅಂತೀರಿ. ಹಾಗಿದ್ದರೆ ಕಂಪನಿಗಳು ಲೇಬಲ್‌ಗೆ ಯಾಕೆ ಹೆದರುತ್ತವೆ? ಸುರಕ್ಷಿತ ಅಲ್ಲ ಅಂದರೆ ಸರ್ಕಾರ ಯಾಕೆ ಬಿಡುತ್ತದೆ? ಇಲಿಗಳಿಗೆ ಗೆಡ್ಡೆ ಬಂದ ಫೋಟೊ ನಾನೇ ನೋಡಿದ್ದೇನೆ.
– ನಿವೃತ್ತ ಶಿಕ್ಷಕ, ಚಿತ್ರದುರ್ಗ

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಹೆಣೆದುಕೊಂಡಿವೆ. ತಿಂದರೆ ಏನಾಗುತ್ತದೆ ಅನ್ನುವುದು ಒಂದು. ಏನು ತಿನ್ನುತ್ತಿದ್ದೇನೆ ಅಂತ ತಿಳಿಯುವ ಹಕ್ಕು ಇನ್ನೊಂದು. ಪರ ಇರುವವರೂ ವಿರೋಧ ಇರುವವರೂ ಇವೆರಡನ್ನು ಬೆರೆಸಿಯೇ ವಾದ ಮಾಡುತ್ತಾರೆ.

ಮೊದಲು ಆ ಇಲಿಗಳು. ಅದು 2012ರಲ್ಲಿ ಫ್ರಾನ್ಸಿನ ಸೆರಾಲಿನಿ ಎಂಬ ವಿಜ್ಞಾನಿಯ ತಂಡ ಪ್ರಕಟಿಸಿದ ಪ್ರಯೋಗ. ಬಳಸಿದ ಇಲಿಯ ತಳಿಗೆ ವಯಸ್ಸಾದಂತೆ ತಾನಾಗಿಯೇ ಗೆಡ್ಡೆ ಬರುವುದು ಜಾಸ್ತಿ. ಪ್ರತಿ ಗುಂಪಿನಲ್ಲಿ ಇದ್ದದ್ದು 10 ಇಲಿ. ಇಷ್ಟರಿಂದ ಏನನ್ನೂ ಹೇಳಲು ಆಗದು ಅಂತ ಅದನ್ನು ಪ್ರಕಟಿಸಿದ್ದ ವಿಜ್ಞಾನ ಪತ್ರಿಕೆಯೇ 2013ರಲ್ಲಿ ಪ್ರಬಂಧವನ್ನು ವಾಪಸ್ ಪಡೆಯಿತು. ಮುಂದಿನ ವರ್ಷ ಬೇರೊಂದು ಪತ್ರಿಕೆ ಅದನ್ನು ಮತ್ತೆ ಪ್ರಕಟಿಸಿತು, ಆದರೆ ಪ್ರಯೋಗದ ದೋಷ ಹಾಗೇ ಉಳಿಯಿತು. ಫೋಟೊ ಮಾತ್ರ ಇವತ್ತಿಗೂ ಓಡಾಡುತ್ತಿದೆ.

ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರಗಳಿಂದ ಜನರ ಆರೋಗ್ಯಕ್ಕೆ ತೊಂದರೆ ಆದದ್ದಕ್ಕೆ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2016ರ ದೊಡ್ಡ ವರದಿಯ ತೀರ್ಮಾನವೂ ಹೆಚ್ಚು ಕಡಿಮೆ ಇದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಜೊತೆಗೆ ಇನ್ನೊಂದು ಮಾತೂ ಹೇಳುತ್ತದೆ, ಅದನ್ನು ಪರ ಇರುವವರು ನುಂಗಿಬಿಡುತ್ತಾರೆ: ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಒಟ್ಟಾರೆ ‘ಕುಲಾಂತರಿ ಸುರಕ್ಷಿತ’ ಅಂತ ಸರ್ಟಿಫಿಕೇಟ್ ಕೊಡಲು ಬರುವುದಿಲ್ಲ.

ಯಾಕೆ ಅಂತ ನೋಡಿ. ಬಿಟಿ ಬದನೆಯಲ್ಲಿ ಸೇರಿಸಿದ್ದು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್. ಅದರ ಪ್ರೋಟೀನ್ ಕಾಯಿಕೊರಕ ಹುಳುವಿನ ಕ್ಷಾರೀಯ ಕರುಳಿನಲ್ಲಿ ಕರಗಿ, ಅಲ್ಲಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ. ನಮ್ಮ ಜಠರ ಆಮ್ಲೀಯ, ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಿ ಇಲ್ಲ. ಸಾವಯವ ರೈತರು ಕೂಡ ಈ ಬ್ಯಾಕ್ಟೀರಿಯಾವನ್ನು ಸಿಂಪಡಿಸುತ್ತಾರೆ. ಇದು ಒಂದು ಕಥೆ. ಇನ್ನೊಂದು: ಸೋಯಾದಲ್ಲಿ ಪೌಷ್ಟಿಕಾಂಶ ಹೆಚ್ಚಿಸಲು ಬ್ರೆಜಿಲ್ ನಟ್ ಎಂಬ ಬೀಜದ ಜೀನ್ ಸೇರಿಸಿದ್ದರು. ಆ ಬೀಜದ ಅಲರ್ಜಿ ಇದ್ದವರ ರಕ್ತದ ಜೊತೆ ಪರೀಕ್ಷಿಸಿದಾಗ ಅಲರ್ಜಿಯೂ ಸೋಯಾಕ್ಕೆ ದಾಟಿದೆ ಅಂತ ಗೊತ್ತಾಯಿತು. ಆ ಸೋಯಾ ಮಾರುಕಟ್ಟೆಗೆ ಬರಲಿಲ್ಲ. ಪರೀಕ್ಷೆ ತನ್ನ ಕೆಲಸ ಮಾಡಿತು ಅಂತಲೂ ಹೇಳಬಹುದು, ಅಪಾಯ ಸುಳ್ಳಲ್ಲ ಅಂತಲೂ ಹೇಳಬಹುದು. ಎರಡೂ ನಿಜ.

ಮೂರನೆಯದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಅಮೆರಿಕದಲ್ಲಿ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳಕ್ಕೆ ಪಶು ಆಹಾರಕ್ಕೆ ಮಾತ್ರ ಅನುಮತಿ ಇತ್ತು. ಅಲರ್ಜಿಯ ಅನುಮಾನ ಪೂರ್ತಿ ಬಗೆಹರಿದಿರಲಿಲ್ಲ. 2000ನೇ ಇಸವಿಯಲ್ಲಿ ನೋಡಿದರೆ ಅದು ಜನ ತಿನ್ನುವ ಟ್ಯಾಕೊ ಎಂಬ ತಿಂಡಿಯ ಚಿಪ್ಪುಗಳಲ್ಲಿ ಸಿಕ್ಕಿತು. ದೊಡ್ಡ ಪ್ರಮಾಣದಲ್ಲಿ ವಾಪಸ್ ತರಿಸಬೇಕಾಯಿತು. ಇಲ್ಲಿ ಸೋತದ್ದು ಪ್ರಯೋಗಾಲಯ ಅಲ್ಲ. ಗೋದಾಮು, ಲಾರಿ, ಗಿರಣಿ ಸೋತವು. ಅಮೆರಿಕದಲ್ಲೇ ಹೀಗಾದರೆ ನಮ್ಮ ಮಂಡಿಗಳಲ್ಲಿ ಚೀಲಕ್ಕೆ ಚೀಲ ಬೆರೆಯುವುದನ್ನು ಯಾರು ತಡೆಯುತ್ತಾರೆ? ಕಳೆನಾಶಕ ತಾಳುವ ಹತ್ತಿಗೆ ನಮ್ಮಲ್ಲಿ ಅನುಮತಿ ಇಲ್ಲ, ಆದರೂ ಅದರ ಬೀಜ ಕದ್ದು ಮಾರಾಟವಾಗುತ್ತದೆ. ಅಂಥ ಬೆಳೆಯಲ್ಲಿ ಜೀನ್‌ಗಿಂತ ಅದರ ಮೇಲೆ ಹೊಡೆಯುವ ಔಷಧಿಯ ಪ್ರಶ್ನೆ ದೊಡ್ಡದು. ಅಂಥ ಒಂದು ಕಳೆನಾಶಕ ಗ್ಲೈಫೋಸೇಟ್ ಕ್ಯಾನ್ಸರ್ ತರುವ ಸಂಭವ ಇದೆ ಅಂತ 2015ರಲ್ಲಿ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಹೇಳಿತು, ಯುರೋಪ್ ಮತ್ತು ಅಮೆರಿಕದ ನಿಯಂತ್ರಕರು ಒಪ್ಪಲಿಲ್ಲ. ಆ ಜಗಳ ಮುಗಿದಿಲ್ಲ.

ಹಾಗಾಗಿ ಲೇಬಲ್ ಬೇಕು ಅಂತಲೇ ನನ್ನ ಅಭಿಪ್ರಾಯ. ಅಪಾಯದ ಬೋರ್ಡ್ ಅಂತ ಅಲ್ಲ. ಪ್ಯಾಕೆಟ್ ಮೇಲಿನ ಸಸ್ಯಾಹಾರದ ಹಸಿರು ಗುರುತು ನೋಡಿ. ಅದು ಇಲ್ಲದ ಪ್ಯಾಕೆಟ್ಟಿನಲ್ಲಿ ವಿಷ ಇದೆ ಅಂತ ಯಾರೂ ತಿಳಿಯುವುದಿಲ್ಲ, ನಮ್ಮ ನಮ್ಮ ರೂಢಿ, ನಂಬಿಕೆಗೆ ತಕ್ಕಂತೆ ಆರಿಸಿಕೊಳ್ಳುತ್ತೇವೆ ಅಷ್ಟೇ. ಮೀನಿನ ಜೀನ್ ಹಾಕಿದ ಟೊಮೆಟೊ ಅಂತ ನಿಮ್ಮೂರಲ್ಲೂ ಸುದ್ದಿ ಕೇಳಿರಬೇಕು. ಅಂಥ ಪ್ರಯೋಗ ನಡೆದಿತ್ತು, ಮಾರುಕಟ್ಟೆಗೆ ಬರಲಿಲ್ಲ. ಮುಂದೆ ಅಂಥದ್ದು ಬಂದರೆ ಮಠದ ದಾಸೋಹಕ್ಕೆ ತರಕಾರಿ ಕೊಳ್ಳುವವರಿಗೆ ತಿಳಿಯಬೇಡವಾ?

ಕಂಪನಿಗಳ ಭಯ ಪೂರ್ತಿ ಸುಳ್ಳಲ್ಲ, ಲೇಬಲ್ ಕಂಡರೆ ಜನ ಪಕ್ಕದ ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಆದರೆ ಗಿರಾಕಿ ಬಿಟ್ಟುಹೋಗುತ್ತಾನೆ ಅನ್ನುವುದು ಅವನಿಂದ ಮುಚ್ಚಿಡಲು ಕಾರಣ ಆಗುವುದಿಲ್ಲ. ಯುರೋಪಿನಲ್ಲಿ ಕುಲಾಂತರಿ ಅಂಶ ಶೇ 0.9 ದಾಟಿದರೆ ಬರೆಯಲೇಬೇಕು. ಬ್ರೆಜಿಲ್‌ನಲ್ಲಿ ಹಳದಿ ತ್ರಿಕೋನದೊಳಗೆ ‘ಟಿ’ ಅಕ್ಷರ. ಅಮೆರಿಕದಲ್ಲಿ 2022ರಿಂದ ಕಡ್ಡಾಯ, ಆದರೆ ನಿಯಮ ತಂದಾಗ ಹೆಚ್ಚು ಶುದ್ಧ ಮಾಡಿದ ಎಣ್ಣೆ, ಸಕ್ಕರೆಗೆ ವಿನಾಯಿತಿ ಕೊಟ್ಟರು. ನಾವು ಆ ವಿನಾಯಿತಿ ಕೊಟ್ಟರೆ ಲೇಬಲ್ ಸುಮ್ನೆ ಹೆಸರಿಗೆ, ಯಾಕೆಂದರೆ ನಮ್ಮಲ್ಲಿ ಬರುವುದೇ ಎಣ್ಣೆ. ಯುರೋಪಿನ ಹಾಗೆ ಬೀಜದ ಕಾಗದಪತ್ರ ಹಿಡಿದು ಲೆಕ್ಕ ಇಡಬೇಕು, ಎಣ್ಣೆಯನ್ನು ಲ್ಯಾಬಿಗೆ ಕಳಿಸಿದರೆ ಬಹಳ ಸಲ ಏನೂ ಸಿಗುವುದಿಲ್ಲ. ಮಿರ್ಚಿ ಅಂಗಡಿಯ ಬಾಣಲೆಗೆ ಲೇಬಲ್ ಎಲ್ಲಿ ಅಂಟಿಸುವುದು ಅನ್ನುವುದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ನಮ್ಮಲ್ಲಿ ನಿಯಮವೇ ಇಲ್ಲ ಅಂತಲ್ಲ. ಕುಲಾಂತರಿ ಇರುವ ಪ್ಯಾಕೆಟ್‌ನ ಮುಖ್ಯ ಬದಿಯಲ್ಲಿ ಮೇಲುಗಡೆ ‘ಜಿಎಂ’ ಅಂತ ಬರೆಯಬೇಕು ಅಂತ 2013ರ ಜನವರಿ 1ರಿಂದ ತೂಕ ಮತ್ತು ಅಳತೆ ಇಲಾಖೆಯ ನಿಯಮ ಜಾರಿಗೆ ಬಂತು. ನಿಮ್ಮ ಅಂಗಡಿಯಲ್ಲಿ ಹುಡುಕಿ, ಸಿಕ್ಕರೆ ನಮಗೂ ತಿಳಿಸಿ. 2018ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 65 ಆಹಾರ ಪದಾರ್ಥ ಪರೀಕ್ಷಿಸಿದಾಗ 21ರಲ್ಲಿ ಕುಲಾಂತರಿ ಅಂಶ ಇತ್ತು, ಹೆಚ್ಚಿನವು ಆಮದಿನವು. ಹಲವು ಪ್ಯಾಕೆಟ್‌ಗಳು ಅದನ್ನು ಹೇಳಿರಲಿಲ್ಲ, ಕೆಲವಂತೂ ‘ಕುಲಾಂತರಿ ಮುಕ್ತ’ ಅಂತ ಬರೆದುಕೊಂಡಿದ್ದವು. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಶೇ 1ರ ಮಿತಿ ಇಟ್ಟು ಕರಡು ತಂದಿತು, ಮರುವರ್ಷ ತಿದ್ದಿ ಮತ್ತೊಂದು ಕರಡು ತಂದಿತು. ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಬಿ.ವಿ. ನಾಗರತ್ನ ಅವರು ಆ ಸಾಸಿವೆಗೆ ಸರ್ಕಾರ ಕೊಟ್ಟಿದ್ದ ಅನುಮತಿ ತಪ್ಪು ಅಂದರು, ಸಂಜಯ್ ಕರೋಲ್ ಅವರು ಸರಿ ಅಂದರು. ಆದರೆ ಆಮದಾಗುವ ಕುಲಾಂತರಿ ಅಡುಗೆ ಎಣ್ಣೆಗೆ ಲೇಬಲ್ ಕಾನೂನು ಪಾಲಿಸಬೇಕು ಅನ್ನುವುದರಲ್ಲಿ ಇಬ್ಬರೂ ಒಂದಾದರು. ಸುದ್ದಿಯಲ್ಲಿ ಭಿನ್ನಮತವೇ ಮಿಂಚಿತು, ಈ ಒಮ್ಮತ ಮೂಲೆಗೆ ಹೋಯಿತು.

ಜೀನ್ ತಿದ್ದಿದ ಭತ್ತ ಬಂದಿದೆಯಂತೆ. ಅದೂ ಕುಲಾಂತರಿಯಾ?
– ಕೃಷಿ ಡಿಪ್ಲೊಮಾ ವಿದ್ಯಾರ್ಥಿನಿ, ಹರಿಹರ

ಕಾನೂನಿನ ಪ್ರಕಾರ ಅಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಂಥ ಎರಡು ತಳಿ ಘೋಷಿಸಿತು. ಅದರಲ್ಲಿ ‘ಕಮಲಾ’ ತಳಿಯನ್ನು ಸಾಂಬಾ ಮಸೂರಿಯಿಂದ ಮಾಡಿದ್ದಾರೆ. ಹೊರಗಿನ ಜೀನ್ ಇಲ್ಲ, ಭತ್ತದ್ದೇ ಒಂದು ಜೀನನ್ನು ತಿದ್ದಿದ್ದಾರೆ. ಇಂಥವಕ್ಕೆ ಕುಲಾಂತರಿ ಬೆಳೆಗಳ ಕಠಿಣ ಪರಿಶೀಲನೆಯಿಂದ 2022ರಲ್ಲೇ ವಿನಾಯಿತಿ ಸಿಕ್ಕಿದೆ. ವಿನಾಯಿತಿ ವಿಜ್ಞಾನದ ಕಣ್ಣಿನಲ್ಲಿ ತಪ್ಪಲ್ಲ. ಆದರೆ ಭದ್ರಾ ನಾಲೆಯ ರೈತರಿಗೆ ಬೀಜದ ಚೀಲದ ಮೇಲಾದರೂ ಇದನ್ನು ಬರೆದು ತಿಳಿಸಿದರೆ ಏನು ಗಂಟು ಹೋಗುತ್ತದೆ?

ಶೇಂಗಾ ಎಣ್ಣೆಯ ಗಾಣ ಇದೆ. ಬಾಟಲಿ ಮೇಲೆ ‘ನಾನ್ ಜಿಎಂಒ’ (ಕುಲಾಂತರಿ ಅಲ್ಲ) ಅಂತ ಹಾಕಿಸಿದರೆ ಬೆಂಗಳೂರಿನಲ್ಲಿ ಲೀಟರಿಗೆ ಇನ್ನಷ್ಟು ರೇಟು ಸಿಗುತ್ತದೆ ಅಂತ ಲೇಬಲ್ ಪ್ರಿಂಟ್ ಮಾಡುವವರು ಹೇಳುತ್ತಾರೆ. ಹಾಕಿಸಬಹುದಾ?
– ಗಾಣದ ಮಾಲೀಕ, ಚಳ್ಳಕೆರೆ

ಮಾತು ಸುಳ್ಳಲ್ಲ, ಆದರೆ ಹಾಕಿಸಬೇಡಿ. ಮಾರಾಟಕ್ಕೆ ಬೆಳೆಯುವ ಕುಲಾಂತರಿ ಶೇಂಗಾ ಅನ್ನುವುದೇ ಇಲ್ಲ. ನೀವು ಹಾಗೆ ಬರೆದರೆ ಪಕ್ಕದ ಗಾಣದ ಎಣ್ಣೆ ಕುಲಾಂತರಿ ಅಂತ ಗಿರಾಕಿ ತಿಳಿಯುತ್ತಾನೆ. ಗಿರಾಕಿಯ ದಾರಿ ತಪ್ಪಿಸುವ ಹೇಳಿಕೆಗೆ ಆಹಾರ ಸುರಕ್ಷತಾ ಕಾನೂನಿನಲ್ಲಿ ಅವಕಾಶ ಇಲ್ಲ, ಯಾರಾದರೂ ದೂರು ಕೊಟ್ಟರೆ ಉತ್ತರ ಹೇಳುವವರು ನೀವು, ಪ್ರಿಂಟರ್ ಅಲ್ಲ. ಎಣ್ಣೆಯ ಊರು ಅಂತಲೇ ಹೆಸರಾದ ಚಳ್ಳಕೆರೆಗೆ ಆ ಮೂರಕ್ಷರದ ಹಂಗು ಬೇಕಾಗಿಲ್ಲ. ಮಳೆಯಾಶ್ರಿತ ಹೊಲದ ಶೇಂಗಾ ಆಗಿದ್ದರೆ ಹಾಗಂತ ಬರೆಯಿರಿ, ಗಾಣ ಆಡಿಸಿದ ದಿನ ಹಾಕಿ, ಬೇರೆ ಎಣ್ಣೆ ಬೆರೆಸಿಲ್ಲ ಅಂತ ಹೇಳಿ. ಬೂಷ್ಟು ಹಿಡಿದ ಕಾಯಿ ಆರಿಸಿ ತೆಗೆದ ಮೇಲೆ, ಲ್ಯಾಬಿನಲ್ಲಿ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿ, ಆ ವರದಿ ಅಂಗಡಿಯಲ್ಲಿ ಇಟ್ಟುಕೊಳ್ಳಿ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲವಾದ್ದರಿಂದ ಈ ಪರೀಕ್ಷೆ ನಿಮಗೆ ದೊಡ್ಡ ಕಂಪನಿಗಳಿಗಿಂತ ಜಾಸ್ತಿ ಅಗತ್ಯ.