ಇಟಲಿಯ ಸಮುದ್ರದ ದಂಡಿಗೆ, ಹಳೇ ಗುಡಿ ನೋಡಾಕ

ಪ್ರಶ್ನೆ: ಅಪ್ಪ-ಅವ್ವನ್ನ ಕರಕೊಂಡು ಇಟಲಿಗೆ ಹೊಂಟೀವ್ರಿ. ನೇಪಲ್ಸ್ ಆದಮ್ಯಾಲೆ ಸಮುದ್ರದ ದಂಡಿಗೆ ಒಂದ್ ಸಣ್ಣ ಊರು, ಹತ್ರದಾಗ ಹಳೇ ಗುಡಿ ಇರೋವಂಥಾದ್ದು ಹೇಳ್ರಿ. ಅಪ್ಪಗ ಮೊಣಕಾಲ್ ನೋವು, ಮನ್ಯಾಗ ಎಲ್ಲಾರೂ ಸಸ್ಯಾಹಾರಿ.
— ಓದುಗರು, ಬಾಗಲಕೋಟೆ

ಉತ್ತರ: ಅಗ್ರೊಪೊಲಿಗೆ ಹೋಗ್ರಿ. ಸಲೆರ್ನೊ ದಾಟಿ ದಕ್ಷಿಣಕ್ಕ ಐತಿ, ಅಲ್ಲಿಂದ ಸುಮಾರು 10 ಕಿ.ಮೀ. ದೂರದಾಗ ಹಳೇ ಗುಡಿ ಇರೋ ಪೇಸ್ಟಮ್. ಹಳೇ ಊರು ಗುಡ್ಡದ ಮ್ಯಾಲೆ, ಮೆಟ್ಲಾ ಹತ್ತಬೇಕಾಗ್ತದ, ಅದಕ್ಕ ರೂಮ್ ಕೆಳಗ ಬಂದರದ ಕಡೆ ಮಾಡ್ರಿ. ಪೇಸ್ಟಮ್ ಮಾತ್ರ ಬಯಲು ಜಾಗ, ಬಾದಾಮಿ ಗುಹೆಗೆ ಹತ್ತಿದಂಗ ಹತ್ತೂದಿಲ್ಲ.

ಕ್ರಿ.ಪೂ. 600ರ ಸುಮಾರಿಗೆ ಗ್ರೀಕರು ಬಂದು ಕಟ್ಟಿದ ಊರದು, ಮೂರು ಗುಡಿ ಇನ್ನೂ ನಿಂತಾವ. ಪಟ್ಟದಕಲ್ಲು ನೋಡಿ ಬೆಳೆದವ್ರು ನಾವು, ಗ್ವಾಡಿ ತುಂಬ ಮೂರ್ತಿ ಹುಡುಕ್ತೀವಿ, ಇಲ್ಲಿ ಅದಿಲ್ಲ, ಕಂಬಾನ ನೋಡಬೇಕ್ರಿ. ಎಲ್ಲಾಕಿಂತ ಹಳೇದು, ಬೆಸಿಲಿಕಾ ಅಂತಾರ, ಕ್ರಿ.ಪೂ. 550ರ ಸುಮಾರಿಂದು, ಅದರ ಮುಂದ 9 ಕಂಬ, ಅಂದ್ರ ಬಾಗ್ಲಾ ಇರಬೇಕಾದ ನಟ್ಟನಡುವ ಒಂದ್ ಕಂಬ ಬಂದು ನಿಂತೈತಿ! ಕಂಬದ ಹೊಟ್ಟಿ ಉಬ್ಬಿ ಮ್ಯಾಲೆ ಹೋಗ್ತಾ ಸಣ್ಣಾಗ್ತಾವ. ಮಗ್ಗಲಾಗಿನ ಗುಡಿ ಸುಮಾರು 100 ವರ್ಷ ಆಮ್ಯಾಲಿಂದು, ಮುಂದ 6 ಕಂಬ ಅಷ್ಟ, ನಡುವ ಹಾದಿ ಸಲೀಸು. ಎರಡರ ನಡುವ ನಿಂತು ಅದನ್ನೂ ನೋಡಿ ಇದನ್ನೂ ನೋಡ್ರಿ, ನೂರು ವರ್ಷದಾಗ ಕಟ್ಟೋರ ಕೈ ಎಷ್ಟ್ ಪಳಗೇತಿ ಅನ್ನೂದು ಯಾರೂ ಹೇಳೂದ ಬ್ಯಾಡ. ಪಟ್ಟದಕಲ್ಲಿನ್ಯಾಗ ನಾಗರ, ದ್ರಾವಿಡ ಶಿಖರ ಅಕ್ಕಪಕ್ಕ ನೋಡೋ ಖುಷಿನ ಇಲ್ಲೂ ಸಿಗ್ತದ. ನೇಪಲ್ಸ್‌ದಿಂದ ಬಂದು ಅವತ್ತ ವಾಪಸ್ ಓಡಬ್ಯಾಡ್ರಿ, ರಾತ್ರಿ ಉಳೀರಿ, ಸಂಜಿ ಬಿಸಲಾಗ ಆ ಸುಣ್ಣಕಲ್ಲು ಬಂಗಾರ ಬಣ್ಣ ಆಗ್ತದ.

ಎದುರಿಗೇ ಮ್ಯೂಸಿಯಂ. 1968ರಾಗ ಸಿಕ್ಕ ಒಂದ್ ಸಮಾಧಿಯ ಮುಚ್ಚಳದ ಕಲ್ಲು ಅಲ್ಲೈತಿ, ಒಳಮಗ್ಗಲಾಗ ನೀರಿಗೆ ಜಿಗಿಯೋ ಮನಷಾನ ಚಿತ್ರ, ಅದನ್ನ ಬಿಡಬ್ಯಾಡ್ರಿ.

ಜುಲೈ-ಆಗಸ್ಟ್ ಬ್ಯಾಡ, ಬಾಗಲಕೋಟಿ ಬಿಸಲ ಕಂಡೀವಿ ಅಂದ್ರೂ ಬ್ಯಾಡ, ಗುಡಿ ಸುತ್ತ ನೆರಳು ಕಡಿಮಿ. ಏಪ್ರಿಲ್-ಮೇ ಚಲೋ.

ಊಟದ್ದು: ಆ ಸೀಮಿ ಎಮ್ಮಿ ಹಾಲಿನ ಮೊಜರೆಲ್ಲಾಕ್ಕ ಹೆಸರುವಾಸಿ, ಆದ್ರ ಅದನ್ನ ಹೆಪ್ಪ ಹಾಕೂದು ಕರುವಿನ ಹೊಟ್ಟ್ಯಾಗಿಂದ ತಗಿಯೋ ರೆನೆಟ್ ಅನ್ನೋ ಹೆಪ್ಪಿನಿಂದ, ಪಾರ್ಮೆಸಾನ್ ಚೀಸೂ ಹಂಗ. ನಿಮ್ಮನ್ಯಾಗ ಅದು ನಡಿಯೂದಿಲ್ಲಾಂದ್ರ ಮರಿನಾರಾ ಪಿಜ್ಜಾ ಕೇಳ್ರಿ, ಟೊಮ್ಯಾಟೊ, ಬಳ್ಳೊಳ್ಳಿ, ಒರೆಗಾನೊ, ಆಲಿವ್ ಎಣ್ಣಿ, ಚೀಸ್ ಇಲ್ಲ. ಪಾಸ್ತಾಕ್ಕ "ಸೆನ್ಜಾ ಫೊರ್ಮಾಜ್ಜೊ" ಅಂದ್ರ ಚೀಸ್ ಬಿಟ್ಟು ಕೊಡ್ತಾರ.

ಮತ್ತ ಲೋಕಲ್ ಟ್ರೇನಿಂದು ಪೇಪರ್ ಟಿಕೆಟ್ ತಗೊಂಡ್ರ ಹತ್ತೂಕಿಂತ ಮೊದ್ಲ ಸ್ಟೇಷನ್ನಾಗಿನ ಮಷೀನಿಗೆ ಹಾಕಿ ಸಿಕ್ಕಾ ಹೊಡಿಸ್ರಿ, ಮರತ್ರ ದಂಡ ಬೀಳ್ತದ.